ಗುರುಶಾಂತಮ್ಮನವರ ಬಾವಿಗೆ ಬಂದ ಬಸುರಿ ಮೀನು

ನಾನು ಕಡೂರಿನಿಂದ ತಂದು ಬಿಟ್ಟ ಒಂದೇ ಒಂದು ಮೀನು, ಅರ್ಧ ಕಿರುಬೆರಳಿನಷ್ಟು ಉದ್ದದ್ದು, ಸಿಂಗಟಗೆರೆಯ ಚಳಿಜ್ವರವನ್ನೆಲ್ಲ ಒಂದೇ ರಾತ್ರಿಯಲ್ಲಿ ನುಂಗಿ ಬೆಳಿಗ್ಗೆ ತೇಗಿತು. ಆ ತೇಗು ತರೀಕೆರೆಗೆ ಕೇಳಿಸಿ ರೈಲೇ ನಿಂತುಬಿಟ್ಟಿತು. ನಂಬದವರು ನನ್ನ ಗಾಡಿಯ ಎತ್ತುಗಳನ್ನು ಕೇಳಬಹುದು.

ಆ ವರ್ಷ ಗುರುಶಾಂತಮ್ಮನವರ ಮೊಮ್ಮಗಳು ನೀಲಮ್ಮನಿಗೆ ಜ್ವರ ಹಿಡಿದಿತ್ತು. ದಿನ ಬಿಟ್ಟು ದಿನ, ಮಧ್ಯಾಹ್ನವಾದರೆ ನಡುಕ. ಎಷ್ಟು ಕಂಬಳಿ ಹೊದಿಸಿದರೂ ಹಲ್ಲು ಕಟಕಟ. ಹಿಂದಿನ ವರ್ಷ ಅವಳ ಅಣ್ಣ ಹೀಗೇ ನಡುಗಿ ನಡುಗಿ ಹೋಗಿದ್ದ. ಬಿಸಿಲು ನೆತ್ತಿಗೇರುತ್ತಿದ್ದಂತೆ ಅಜ್ಜಿ ಮಗುವಿನ ಹಣೆ ಮುಟ್ಟುವರು, ಬಾಗಿಲಿಗೆ ಬರುವರು, ಮತ್ತೆ ಹೋಗಿ ಮುಟ್ಟುವರು.

ಕಡೂರು ಆಸ್ಪತ್ರೆಯ ಸೂಲಗಿತ್ತಿ ಸಾವಿತ್ರಮ್ಮ ನನ್ನ ಗಾಡಿಯಲ್ಲಿ ಬಂದರು. ಮಗುವಿಗೆ ಕ್ವಿನೈನ್ ಔಷಧಿ ಕುಡಿಸಿ, ನನ್ನ ಕೈಯಲ್ಲಿದ್ದ ಮಡಕೆ ತೋರಿಸಿದರು. "ಇದು ನಿಮ್ಮ ಬಾವಿಗೆ."

ಅಜ್ಜಿ ಇಣುಕಿ ಹಿಂದೆ ಸರಿದರು. "ಮೀನಾ? ಲಿಂಗಪೂಜೆಗೆ ಅಗ್ಗವಣಿ ತರೋ ಬಾವಿ ಕಣಮ್ಮಾ ಅದು. ಲೇ ಲಕ್ಕಣ್ಣ, ನಿನ್ನ ಸಾರಿಗೆ ಬೇಕಾದ್ದನ್ನ ನಿಮ್ಮನೇಲಿ ಸಾಕ್ಕೋ."

"ಇದ್ರಲ್ಲಿ ಒಂದು ತುತ್ತಿನ ಸಾರೂ ಆಗಲ್ಲ, ಅಮ್ಮಾರೆ," ಎಂದೆ.

"ಪೂಜೆ ನೀರು ಹೆಂಗೆ ತರ್ತೀರಿ, ತೋರಿಸಿ," ಎಂದರು ಸಾವಿತ್ರಮ್ಮ.

ಅಜ್ಜಿ ನೀರು ಸೇದಿ ಬಿಳಿ ಬಟ್ಟೆಯಲ್ಲಿ ಸೋಸಿದರು. ಬಟ್ಟೆಯ ಮೇಲೆ ಸಣ್ಣ ಹುಳಗಳು ಮಿಡುಕುತ್ತಿದ್ದವು. ದಿನವೂ ಮಾಡುವ ಹಾಗೆ ಬಟ್ಟೆಯನ್ನು ಮಗುಚಿ, ಹುಳಗಳನ್ನು ಮೆಲ್ಲಗೆ ಬಾವಿಗೇ ತೊಳೆದು ಬಿಟ್ಟರು.

"ನೆಲಕ್ಕೆ ಹಾಕಿದ್ರೆ ಸಾಯ್ತವೆ. ಅವೂ ಜೀವ ಅಲ್ವಾ?"

"ಅವು ಸೊಳ್ಳೆ ಮರಿ ಕಣ್ರೀ. ರೆಕ್ಕೆ ಬಂದ್ಮೇಲೆ ಜ್ವರದವರ ರಕ್ತ ಹೀರಿ, ಆಮೇಲೆ ಇನ್ನೊಬ್ಬರನ್ನ ಕಚ್ತವೆ. ಅವರಿಗೂ ಇದೇ ನಡುಕ."

ಅಜ್ಜಿಯ ಕೈ ನಿಂತಿತು. "ಹಂಗಾದ್ರೆ ನಾನೇ ಸಾಕಿದ್ನಾ?"

ಒಳಗೆ ಮಗುವಿನ ಹಲ್ಲು ಕಟಕಟ ಎನ್ನತೊಡಗಿತು.

ಸಾವಿತ್ರಮ್ಮ ಮಡಕೆಯನ್ನು ಬಿಸಿಲಿಗೆ ಹಿಡಿದರು. ನವಿಲುಗರಿಯ ಚೂರುಗಳು ಈಜಾಡಿದಂತಿತ್ತು. "ಗಪ್ಪಿ ಅಂತಾರೆ. ದಕ್ಷಿಣ ಅಮೆರಿಕದ ಹೊಳೆಗಳದ್ದು, ಹಡಗು ಹತ್ತಿ ಬಂದಿದೆ. ಸೊಳ್ಳೆ ಮರಿ ಅಂದ್ರೆ ಪ್ರಾಣ. ಬಣ್ಣದ ಬಾಲದ್ದು ಗಂಡು. ಈ ಮಂಕಾಗಿರೋದು ಹೆಣ್ಣು. ಮೊಟ್ಟೆ ಇಡಲ್ಲ, ಮರೀನೇ ಹಾಕುತ್ತೆ. ಈಗ ದಿನ ತುಂಬಿದೆ."

"ಇವಳ ಹೆರಿಗೆಗೂ ನೀನೇ ಬಂದ್ಯಾ?" ಅಜ್ಜಿ ಬಹಳ ಹೊತ್ತು ಮಡಕೆಯೊಳಗೆ ನೋಡಿದರು. "ಇದು ಹುಳ ತಿಂದ್ರೆ ಪಾಪ ಯಾರಿಗೋ, ಲಕ್ಕಣ್ಣ?"

"ನನ್ನ ಗಾಡಿಗೆ ಹಾಕಿ. ಹಳೇ ಪಾಪದ ಹೇರಿನ ಜೊತೆ ಅದೂ ಒಂದು."

"ತುಂಬಿದ ಬಸುರೀನ ಬಾಗ್ಲಿಂದ ವಾಪಸ್ ಕಳಿಸಬಾರ್ದು, ಕೊಡಿಲ್ಲಿ," ಎಂದು ಅಜ್ಜಿ ತಾವೇ ಮೀನುಗಳನ್ನು ಬಾವಿಗೆ ಇಳಿಸಿದರು.

ಅದೇ ರಾತ್ರಿ ಜ್ವರ ಮಾಯ! ಹೀಗೆಂದು ಕಡೂರು ಆಸ್ಪತ್ರೆಯ ಜಗಲಿಯಲ್ಲಿ ನಾನು ಹೇಳುತ್ತಿದ್ದಾಗ, ನನ್ನ ಬೆನ್ನ ಹಿಂದೆ ನೀಲಮ್ಮನ ಕೈ ಹಿಡಿದು ಗುರುಶಾಂತಮ್ಮನವರೇ ನಿಂತಿದ್ದರು.

"ಒಂದೇ ರಾತ್ರೀನಾ? ಎಷ್ಟೋ ದಿನ ಕ್ವಿನೈನ್ ಕುಡಿಸಿದ್ದು ನಾನು, ಕಹಿ ಅಂತ ಮಗು ಉಗುಳಿದ್ದು ನನ್ನ ಸೆರಗಿಗೆ. ನಿನ್ನ ಮಾತು ಕೇಳಿ ಯಾರಾದ್ರೂ ಔಷಧಿ ಬಿಟ್ರೆ, ಆ ಮಗೂನ ನಿನ್ನ ಮೀನಿನ ತೇಗು ಬಂದು ಉಳಿಸುತ್ತೇನೋ?"

ನಾನು ಜಗಲಿಯಲ್ಲಿದ್ದವರ ಕಡೆ ತಿರುಗಿದೆ. ನಿಜ ಹೇಳುತ್ತೇನೆ, ಕೇಳಿ. ಮೀನು ಒಂದಲ್ಲ, ಮಡಕೆ ತುಂಬ ಇದ್ದವು. ನೀಲಮ್ಮನನ್ನು ಉಳಿಸಿದ್ದು ಕ್ವಿನೈನ್. ಮೀನು ಜ್ವರ ಬಿಡಿಸುವುದಿಲ್ಲ. ಬಾವಿಯ ಸೊಳ್ಳೆ ಮರಿ ತಿನ್ನುತ್ತದೆ, ಅದೂ ನಿಧಾನವಾಗಿ. ಆದ್ದರಿಂದ ಜ್ವರ ಬಂದರೆ ಆಸ್ಪತ್ರೆಗೆ ಬನ್ನಿ, ಔಷಧಿ ಪೂರ್ತಿ ಕುಡಿಸಿ. ಸೋಸಿದ ಹುಳವನ್ನು ಬಾವಿಗೆ ಮರಳಿಸಬೇಡಿ. ಮೀನು ಬೇಕಾದವರು ಮಡಕೆ ತನ್ನಿ, ಅಜ್ಜಿಯ ಬಾವಿಯಲ್ಲಿ ಬೇಕಾದಷ್ಟು ಮರಿಗಳಿವೆ.

ರೈಲು ನಿಂತದ್ದು ಮಾತ್ರ ಸುಳ್ಳಲ್ಲ. ತರೀಕೆರೆಯಲ್ಲಿ ಅದು ದಿನವೂ ನಿಲ್ಲುತ್ತದೆ.