ಅಲೆಯ ಒಳಗಿದ್ದವನು

“ಒಂದ್ನಿಮಿಷ, ಪೆಟ್ಟಿಗೇನ ಇನ್ನೊಂದ್ಸಲ ಒಳಗೆ ತಗೊಂಡ್ಹೋಗಿ. ಬಾಗಿಲಿಗೆ ಬಂದಾಗ ಮುಖದ ಮೇಲೆ ಬೆಳಕು ಬೀಳ್ಲಿಲ್ಲ,” ಎಂದ ನಿರ್ದೇಶಕ, ಕ್ಯಾಮೆರಾದಿಂದ ಕಣ್ಣು ತೆಗೆಯದೆ.

ಹೆಣ ಹೊತ್ತ ನಾಲ್ವರೂ ಹೊಸ್ತಿಲಲ್ಲೇ ನಿಂತರು. ಬೆಳಕು ಬೀಳಬೇಕಿದ್ದದ್ದು ಮುಂದೆ ಹೆಗಲು ಕೊಟ್ಟಿದ್ದ ಚಾಂಪಿಯನ್ನನ ಮುಖದ ಮೇಲೆ. ಇಪ್ಪತ್ತು ವರ್ಷ ನಿರ್ದೇಶಕನ ಸರ್ಫಿಂಗ್ ಸಿನಿಮಾಗಳಲ್ಲಿ ಅಲೆ ಏರಿದವನು ಅವನು. ಅವನಾಗಲೇ ಹಿಂದಕ್ಕೆ ಹೆಜ್ಜೆ ಇಟ್ಟಿದ್ದ.

“ನಮ್ ಭಾವ ಏನು ಬೀರುವೇನ್ರೀ, ಒಳಗೆ ಹೊರಗೆ ಸಾಗ್ಸೋಕೆ?” ಎಂದ ಹಿಂದೆ ಹೆಗಲು ಕೊಟ್ಟಿದ್ದ, ಸತ್ತವನ ಭಾವಮೈದುನ. ಅವನು ನಲ್ಲಿ ರಿಪೇರಿ ಮಾಡುವವನು. ಭಾರ ಹೊತ್ತು ನಿಲ್ಲುವುದು ಅವನಿಗೆ ಹೊಸದಲ್ಲ, ಆದರೆ ಇಂಥ ಸಂಭ್ರಮ ಹೊಸದು.

ಪೆಟ್ಟಿಗೆಯಲ್ಲಿದ್ದವನನ್ನು ಊರೆಲ್ಲ ಮುಳುಗಪ್ಪ ಎನ್ನುತ್ತಿತ್ತು. ಆ ಸಿನಿಮಾಗಳಲ್ಲಿ ಅಲೆಯ ಹೊಟ್ಟೆಯೊಳಗಿಂದ ತೆಗೆದ ದೃಶ್ಯಗಳೆಲ್ಲ ಅವನವು. ಕ್ಯಾಮೆರಾ ಹಿಡಿದು ಈಜಿ ಈಜಿ ಎಡಗಿವಿ ಹೋಗಿತ್ತು, ಕತ್ತು ತಿರುಗುತ್ತಿರಲಿಲ್ಲ. ಇಷ್ಟಾದರೂ ಸಮುದ್ರ ಅವನನ್ನು ಜೀವಂತ ಬಿಟ್ಟಿತ್ತು. ಸತ್ತದ್ದು ಬಚ್ಚಲುಮನೆಯಲ್ಲಿ, ಸೋಪಿನ ಮೇಲೆ ಕಾಲಿಟ್ಟು.

“ಸಿನಿಮಾದಲ್ಲಿ ಬಚ್ಚಲು ಅಂತ ಹೇಳೋಕಾಗಲ್ಲ ಅತ್ತಿಗೆ,” ನಿರ್ದೇಶಕ ಮುಳುಗಪ್ಪನ ಹೆಂಡತಿಯ ಕಿವಿಯಲ್ಲಿ ಹೇಳಿದ. “ಕಡಲು ಕರ್ಕೊಂಡ್ತು ಅಂತ ಇಟ್ಕೊಳ್ಳೋಣ.”

“ನೀವು ಏನು ಬೇಕಾದ್ರೂ ಇಟ್ಕೊಳ್ಳೋ ಜನಾನೇ,” ಎಂದಳು ಅವಳು.

* * *

ಒಂಬತ್ತು ವರ್ಷದ ಹಿಂದೆ, ಮೂರಾಳೆತ್ತರದ ಅಲೆಯೊಂದು ಚಾಂಪಿಯನ್ನನನ್ನು ಬಂಡೆಗಳ ಕಡೆಗೆ ಎಳೆದೊಯ್ದಿತು. ಮುಳುಗಪ್ಪ ಕ್ಯಾಮೆರಾ ಕೈಬಿಟ್ಟು ಧುಮುಕಿದ. ಕೂದಲು ಹಿಡಿದು ಎಳೆದು ತಂದ. ದಡಕ್ಕೆ ಬಂದಾಗ ನಿರ್ದೇಶಕ ಕೇಳಿದ ಮೊದಲ ಮಾತು, “ಕ್ಯಾಮೆರಾ ಎಲ್ಲಿ?”

ಸಿನಿಮಾ ತೆರೆಗೆ ಬಂತು. ಅದರಲ್ಲಿ ಚಾಂಪಿಯನ್ ತಾನೇ ನೀರು ಸೀಳಿ ಮೇಲೆದ್ದ. “ಅಲೆ ನನ್ನನ್ನು ವಾಪಸ್ ಕೊಟ್ಟಿತು,” ಎಂದ. ಜನ ಎದ್ದು ನಿಂತರು. ಮುಳುಗಪ್ಪನೂ ಚಪ್ಪಾಳೆ ಹೊಡೆದ.

“ನಾಚ್ಕೆ ಆಗಲ್ವ ನಿಮ್ಗೆ?” ಎಂದಳು ಹೆಂಡತಿ.

“ಹುಡುಗ ಬದುಕಿದ್ದಾನಲ್ಲ, ಬಿಡೇ. ಆ ಅಲೆ ಒಳಗಿಂದ ಎಷ್ಟು ಹಸಿರಾಗಿತ್ತು ಗೊತ್ತಾ?”

ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ಅವನ ಜತೆ ಮಾತಾಡಲಿಲ್ಲ. ಅವನು ಹಸಿರಿನ ಬಗ್ಗೆಯೇ ಮಾತಾಡುತ್ತ ಬಂದ.

* * *

ಗುಂಡಿಯ ಪಕ್ಕ ಚಾಂಪಿಯನ್ ಗಂಟಲು ಸರಿಮಾಡಿಕೊಂಡ. “ಅಲೆ ಅನ್ನೋದು ಒಬ್ಬ ಗುರು...”

“ಗುರು ಇರ್ಲಿ,” ಎಂದಳು ಹೆಂಡತಿ. “ಅವತ್ತು ನಿನ್ನ ಜುಟ್ಟು ಹಿಡಿದು ಎಳೆದವರು ಯಾರು, ಅದನ್ನ ಹೇಳು.”

ಚಾಂಪಿಯನ್ ನಿರ್ದೇಶಕನ ಮುಖ ನೋಡಿದ. ನಿರ್ದೇಶಕ ಕ್ಯಾಮೆರಾ ಕೆಳಗಿಳಿಸಿದ.

“ನಿಲ್ಸಿದ್ರಾ?” ಚಾಂಪಿಯನ್ ಕೇಳಿದ.

“ನಿಲ್ಸಿದೀನಿ.”

“ಅಣ್ಣನೇ,” ಎಂದ ಚಾಂಪಿಯನ್, ತನ್ನ ಬೂಟು ನೋಡುತ್ತ. “ಅಣ್ಣ ಇಲ್ದಿದ್ರೆ ನಾನಿರ್ತಿರ್ಲಿಲ್ಲ.”

“ಈಗ ಕ್ಯಾಮೆರಾ ಓಡ್ಸಿ, ಅದನ್ನೇ ಇನ್ನೊಂದ್ಸಲ ಕೇಳಿ,” ಎಂದಳು ಅವಳು ನಿರ್ದೇಶಕನಿಗೆ.

“ಬ್ಯಾಟರಿ ಮುಗೀತು ಅತ್ತಿಗೆ.”

ಅವಳು ನಕ್ಕಳು. ಒಂಬತ್ತು ವರ್ಷದಿಂದ ಇಂಥವರ ಮೇಲೆ ಸಿಟ್ಟು ಸಾಕಿಕೊಂಡಿದ್ದೆನಲ್ಲ, ಅಷ್ಟು ದೊಡ್ಡವರೇನು ಇವರು ಎನಿಸಿತು. ಬಾಗಿ ಒಂದು ಹಿಡಿ ಮಣ್ಣು ಹಾಕಿದಳು. “ನೀವೂ ಸರಿಯಾದವರನ್ನೇ ಹುಡುಕ್ಕೊಂಡಿದ್ರಿ ಬಿಡಿ,” ಎಂದಳು ಗಂಡನಿಗೆ. ಆಗ ಮಾತ್ರ ಅವಳ ದನಿ ಒಡೆಯಿತು.

ಮಧ್ಯಾಹ್ನ ಅವಳು ತಮ್ಮನ ವ್ಯಾನಿನಲ್ಲಿ ಕಡಲ ರಸ್ತೆ ಹಿಡಿದು ವಾಪಸಾಗುವಾಗ ಅವನೇ ಗಾಡಿ ನಿಧಾನ ಮಾಡಿದ. “ಅಕ್ಕ, ಅಲ್ನೋಡು.”

ಕಡಲು ತಟ್ಟೆಯ ಹಾಗೆ ಮಲಗಿತ್ತು, ಒಂದಲೆಯೂ ಇರಲಿಲ್ಲ. ಕ್ಯಾಮೆರಾ ಮರಳಿನಲ್ಲಿ ಮುಕ್ಕಾಲಿಯ ಮೇಲೆ ನಿಂತಿತ್ತು, ಅದರ ಕೆಂಪು ದೀಪ ಉರಿಯುತ್ತಿತ್ತು. ಅದರ ಮುಂದೆ ಮೊಣಕಾಲುದ್ದ ನೀರಿನಲ್ಲಿ ಚಾಂಪಿಯನ್ ಹಲಗೆಯ ಮೇಲೆ ಕೈಚಾಚಿ ಬಗ್ಗಿ ನಿಂತಿದ್ದ. ಪಕ್ಕದಲ್ಲಿ ನಿರ್ದೇಶಕ ಪ್ಯಾಂಟು ಮಡಚಿಕೊಂಡು, ಎರಡೂ ಕೈಯಿಂದ ಅವನ ಮುಖಕ್ಕೆ ನೀರು ಎರಚುತ್ತಿದ್ದ.