ಹಸಿರು ಚುಕ್ಕಿಯ ನೀರು

ಹೆಣ್ಣು ಕೇಳಲು ಗಂಡಿನ ಕಡೆಯ ಹಿರಿಯರು ಬರುವ ಮನೆಯಲ್ಲಿ ಜಮಖಾನೆ ಒದ್ದೆಯಾಗಿರಬಾರದು, ನಲ್ಲಿ ಒಣಗಿರಬಾರದು. ಉಮ್ ಝುಹೈರ್ ಮನೆಯಲ್ಲಿ ಆ ಗುರುವಾರ ಎರಡೂ ಆದವು. ಆಗಿದ್ದು ಮೇಲಿನ ಮಹಡಿಯ ಮೈಸೂನಳ ಮಾತು ಕೇಳಿ.

ಅಮ್ಮಾನಿನ ಆ ಗುಡ್ಡಕ್ಕೆ ಕೊಳವೆಯಲ್ಲಿ ನೀರು ಬರುವುದು ವಾರಕ್ಕೊಮ್ಮೆ. ಬಂದ ದಿನ ಮಾಳಿಗೆಯ ಮೇಲಿನ ತಂತಮ್ಮ ತೊಟ್ಟಿ ತುಂಬಿಸಿಕೊಂಡು ಉಳಿದ ದಿನವೆಲ್ಲ ತಂಬಿಗೆಯ ಲೆಕ್ಕದಲ್ಲಿ ಬಾಳಬೇಕು. ಹಾಗಾಗಿ ಮನೆ ತೊಳೆಯುವ ದೊಡ್ಡ ಕೆಲಸಗಳೆಲ್ಲ ನೀರಿನ ದಿನದ ಬೆಳಿಗ್ಗೆಯೇ. ಹೊಸ ನೀರು ಬರುವ ಮೊದಲು ಹಳೆಯದನ್ನು ಮನಸಾರೆ ಸುರಿದು ಮುಗಿಸುವುದು, ಅದೊಂದು ದಿನದ ದೊರೆತನ. ಆ ಬೇಸಿಗೆಯಲ್ಲಿ ಸರದಿ ಏರುಪೇರಾಗುತ್ತಿತ್ತು. ಎಂದು ಸುರಿಯಬೇಕು, ಎಂದು ಹಿಡಿದಿಡಬೇಕು ಎಂಬುದನ್ನು ಹೆಂಗಸರು ಫೋನಿನಲ್ಲಿ ಒಂದು ಪುಟ ತೆರೆದು ತಿಳಿದುಕೊಳ್ಳುತ್ತಿದ್ದರು. ಗುಡ್ಡದ ಜಲಾಗಾರದಲ್ಲಿ ನೀರೆಷ್ಟಿದೆ, ಪಂಪು ಓಡುತ್ತಿದೆಯೇ, ಇವತ್ತು ಯಾವ ಬೀದಿಗೆ ಬಿಡುತ್ತಾರೆ, ಎಲ್ಲವೂ ಅದರಲ್ಲಿ ಬಣ್ಣಬಣ್ಣದ ಚುಕ್ಕಿಗಳಾಗಿ ಕಾಣುತ್ತಿತ್ತು. ಆ ಡ್ಯಾಶ್‌ಬೋರ್ಡ್ ಕಟ್ಟಿದವಳು ಮೈಸೂನ್. ಒಂದು ಸಣ್ಣ ಕಂಪನಿಯ ಕೆಲಸ, ಆದರೆ ಬೀದಿಯಲ್ಲಿ ಅವಳಿಗೆ ಸಿಗುತ್ತಿದ್ದ ಮರ್ಯಾದೆ ದೊಡ್ಡದು.

ಬೆಳಿಗ್ಗೆ ಉಮ್ ಝುಹೈರ್ ನಿಲುವಂಗಿಗೆ ಕೈ ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿ ಬಂದಳು. ಮಗಳು ರನೀಮಳನ್ನು ಕೇಳಲು ಮರುದಿನ ಸಲ್ತ್ ಊರಿನಿಂದ ಜಾಹಾ ಬರುವುದಿತ್ತು. ಜಾಹಾ ಎಂದರೆ ಹುಡುಗನ ಕಡೆಯ ಹಿರೀಕರ ದಂಡು, ಬಂದರೆ ಬೀದಿಯೇ ತುಂಬುತ್ತದೆ.

"ಮೈಸೂನ್, ಚುಕ್ಕಿ ಹಸಿರಿದೆ ಕಣೇ. ತೊಟ್ಟೀಲಿರೋದನ್ನೆಲ್ಲ ಸುರಿದು ಜಮಖಾನೆ, ಹಾಸಿಗೆ ಎಲ್ಲಾ ತೊಳೆದುಬಿಡ್ಲಾ? ಸಲ್ತಿನ ಹೆಂಗಸ್ರ ಕಣ್ಣು ಗೊತ್ತಲ್ಲ, ಮಂಚದ ಕೆಳಗೂ ಹೋಗ್ತವೆ."

ಮೈಸೂನ್ ತನ್ನ ಫೋನು ತೆರೆದು ನೋಡಿದಳು. ಹಸಿರೇ ಇತ್ತು. ಜಲಾಗಾರ ತುಂಬಿದೆ, ನಮ್ಮ ಬೀದಿಗೆ ಮಧ್ಯಾಹ್ನದ ನಂತರ.

"ತೊಳೀರಿ ಖಾಲ್ತೊ. ನೀರು ಬರ್ಲಿಲ್ಲ ಅಂದ್ರೆ ನನ್ನ ಕುತ್ತಿಗೆ ಹಿಡೀರಿ." ಖಾಲ್ತೊ ಎಂದರೆ ಚಿಕ್ಕಮ್ಮ, ನೆರೆಯ ಹಿರಿಯ ಹೆಂಗಸರನ್ನೆಲ್ಲ ಕರೆಯುವುದು ಹಾಗೆಯೇ.

"ನಿನ್ನ ಕುತ್ತಿಗೆ ನಿನ್ನ ಗಂಡನಾಗೋನು ಹಿಡೀಲಿ, ನಂಗೆ ನೀರು ಬಂದ್ರೆ ಸಾಕು," ಎಂದು ನಗುತ್ತ ಅವಳು ಇಳಿದುಹೋದಳು.

ಅಡುಗೆಮನೆಯಲ್ಲಿ ಮೈಸೂನಳ ತಾಯಿ ಎಳೆ ಸೋರೆಯಂಥ ಕೂಸಾ ಕಾಯಿಗಳ ತಿರುಳು ಕೊರೆಯುತ್ತ ಕೂತಿದ್ದಳು. ಇರುವವಳು ಒಬ್ಬಳೇ ಮಗಳಾದ್ದರಿಂದ ಗುಡ್ಡದವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಉಮ್ ಮೈಸೂನ್, ಮೈಸೂನಳ ಅಮ್ಮ, ಎಂದೇ.

"ನಾವೂ ತೊಳೆಯೋಣ್ವಾ ಅಮ್ಮ?"

"ಇವತ್ತು ಬೇಡ ಬಿಡು. ಸೊಂಟ ಹಿಡ್ಕೊಂಡಿದೆ."

ಮಧ್ಯಾಹ್ನ ಕಳೆಯಿತು. ಬೀದಿಯ ಗೋಡೆಗೋಡೆಯ ಮೇಲೂ ಒದ್ದೆ ಜಮಖಾನೆಗಳು, ಮೆಟ್ಟಿಲುಗಳಲ್ಲಿ ಸೋಪಿನ ನೊರೆ. ಇಳಿಹೊತ್ತಿನ ಅಸರ್ ನಮಾಝಿನ ಕರೆಯೂ ಆಯಿತು. ನಲ್ಲಿ ತಿರುಗಿಸಿದರೆ ಒಂದೆರಡು ಸಲ ಕೆಮ್ಮಿ ಗಾಳಿ ಬಿಟ್ಟು ಸುಮ್ಮನಾಯಿತು. ಚುಕ್ಕಿ ಮಾತ್ರ ಎಳೆ ಪುದೀನದ ಹಾಗೆ ಹಸಿರಾಗಿಯೇ ಇತ್ತು. ಮೈಸೂನ್ ಆಗ ಲ್ಯಾಪ್‌ಟಾಪ್ ತೆರೆದು ಪುಟದ ಹಿಂದುಗಡೆ ಇಣುಕಿದಳು. ಪಂಪಿನ ಮೀಟರು ಬುಧವಾರದಿಂದ ಒಂದು ಮಾತೂ ಆಡಿರಲಿಲ್ಲ. ಪಂಪು ಸುಟ್ಟುಹೋಗಿತ್ತು, ಮೀಟರೂ ಅದರೊಂದಿಗೇ ಕಣ್ಣು ಮುಚ್ಚಿತ್ತು.

ಇಂಥ ಪುಟಗಳ ಒಳಗುಟ್ಟು ಇಷ್ಟೇ. ನೋಡಲು ಬಂದ ಒಬ್ಬೊಬ್ಬರಿಗೂ ಮೀಟರಿನವರೆಗೆ ಓಡಿಹೋಗಿ ಉತ್ತರ ತರುತ್ತ ಕೂತರೆ ಪುಟ ತೆರೆಯುವ ಹೊತ್ತಿಗೆ ಕೈಯಲ್ಲಿನ ಕಾಫಿ ಆರಿರುತ್ತದೆ. ಅದಕ್ಕೇ ಆಗಾಗ ಒಮ್ಮೆ ಮೀಟರನ್ನು ಕೇಳಿ, ಬಂದ ಉತ್ತರದ ಒಂದು ಪ್ರತಿ ಇಟ್ಟುಕೊಂಡು, ಬಂದವರಿಗೆಲ್ಲ ಅದನ್ನೇ ಬಡಿಸುವುದು. ಫಲಾಫೆಲ್ ಅಂಗಡಿಯವನು ಗಿರಾಕಿ ಬರುವ ಮೊದಲೇ ಒಂದು ಒಬ್ಬೆ ಕರಿದಿಟ್ಟ ಹಾಗೆ. ಅದರಲ್ಲಿ ತಪ್ಪೇನಿಲ್ಲ, ಎಲ್ಲರೂ ಮಾಡುವುದೇ. ಆದರೆ ಒಲೆ ಆರಿಹೋದ ಮೇಲೂ ನಿನ್ನೆಯದನ್ನೇ ಬಿಸಿಬಿಸಿ ಎಂದು ಕೊಡಬಾರದು. ಮೈಸೂನ್ ಮಾಡಿದ್ದು ಅದನ್ನೇ.

ಯಾಕೆ ಮಾಡಿದಳು ಎಂದರೆ ನಾಚಿಕೆಗೆ ಹೆದರಿ. ಪುಟವನ್ನು ಮೊದಲ ಸಲ ಕಂಪನಿಯ ದೊಡ್ಡವರೆದುರು ತೋರಿಸಿದ ದಿನ ಮೀಟರು ಉತ್ತರ ಕೊಡಲಿಲ್ಲ. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಬಿಳಿ ಹಾಳೆ, ಅದರ ನಡುವೆ ಗಿರಗಿರ ತಿರುಗುವ ಚಕ್ರ. ಕೋಟು ತೊಟ್ಟವರೆಲ್ಲ ಕೆಮ್ಮಿದರು, ಒಬ್ಬ ಗಡಿಯಾರ ನೋಡಿಕೊಂಡ. ಅವತ್ತೇ ಮನೆಗೆ ಬಂದು ಬರೆದಳು: ಉತ್ತರ ಬರದಿದ್ದರೆ ಕೊನೆಯ ಉತ್ತರವನ್ನೇ ತೋರಿಸು, ಖಾಲಿ ಪುಟ ಮಾತ್ರ ಯಾರ ಕಣ್ಣಿಗೂ ಬೀಳಬಾರದು. ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲಿತ್ತು, ಈ ಸುದ್ದಿ ಎಷ್ಟು ಹೊತ್ತಿನದು ಎಂದು ಹೇಳುವುದು. ಅದನ್ನು ನೋಡಿ ಜನ ಫೋನು ಮಾಡಿ ತಲೆ ತಿನ್ನುತ್ತಿದ್ದರು. ಕೆಲವು ದಿನಗಳಾದ ಮೇಲೆ ಅದನ್ನೂ ಕಿತ್ತು ಹಾಕಿದಳು. ಆಮೇಲೆ ಪುಟ ಎಂದೂ ನಿಲ್ಲಲಿಲ್ಲ, ಎಲ್ಲರೂ ಹೊಗಳಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಟ್ಯಾಂಕರಿನವರಿಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಹಸಿರು ನೋಡಿದ್ದು ಒಂದು ಮನೆಯಲ್ಲವಲ್ಲ, ಇಡೀ ಗುಡ್ಡವೇ ತೊಟ್ಟಿ ಬರಿದು ಮಾಡಿಕೊಂಡು ಟ್ಯಾಂಕರಿಗೆ ಕಾಯುತ್ತಿತ್ತು. ಉಮ್ ಝುಹೈರ್ ಒದ್ದೆ ಜಮಖಾನೆಯ ಪಕ್ಕ ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳು.

"ನಾಳೆ ಅಷ್ಟು ಜನ ಗಂಡಸ್ರು ನಮಾಝಿಗೆ ಮುಂಚೆ ಕೈಕಾಲು ತೊಳೆಯೋಕೆ ಎದ್ರೆ ನಾನೇನು ಮಾಡ್ಲಿ? ಅಂಗಡಿ ಬಾಟಲಿ ಹಿಡ್ಕೊಂಡು ನಿಲ್ಲಬೇಕಾ? ರನೀಮಳ ಮಾನ ಹೋಯ್ತು."

ಮೈಸೂನಳ ತಾಯಿ ಮಾಳಿಗೆ ಹತ್ತಿದಳು. ನೀರುಳಿದಿದ್ದ ತಮ್ಮ ತೊಟ್ಟಿಯಿಂದ ಅವರ ಖಾಲಿ ತೊಟ್ಟಿಗೆ ಪೈಪು ಹಾಕಿದಳು. ನೀರು ಬೀಳುವ ಸದ್ದು ಕೇಳಿ ಉಮ್ ಝುಹೈರ್ ಮೈಸೂನಳನ್ನು ತಬ್ಬಿಕೊಂಡು ಎರಡೂ ಕೆನ್ನೆಗೆ ಮುತ್ತು ಕೊಟ್ಟಳು.

"ನಿಂದೇನು ತಪ್ಪಮ್ಮ ಇದರಲ್ಲಿ? ಪಂಪಿನೋರು ಹಾಳಾಗ್ಲಿ. ನಿನ್ನ ಪುಟಕ್ಕೂ ಸುಳ್ಳು ಹೇಳಿದಾರೆ, ಪಾಪ."

ಇಲ್ಲ ಖಾಲ್ತೊ ಎನ್ನುವ ಮಾತು ಮೈಸೂನಳ ಗಂಟಲಿನವರೆಗೆ ಬಂತು. ಜಾಹಾ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದು ನುಂಗಿಕೊಂಡಳು. ನುಂಗಿದ್ದು ಸುಲಭವಾಗಿಯೇ ಒಳಗಿಳಿಯಿತು, ಆ ಸುಲಭಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಶುಕ್ರವಾರ ಮಧ್ಯಾಹ್ನ ಕೆಳಗಿನ ಮನೆ ಗಂಡಸರಿಂದ ತುಂಬಿತು. ಹೆಂಗಸರೆಲ್ಲ ಮೇಲೆ ಮೈಸೂನಳ ಮನೆಯಲ್ಲಿ ಸೇರಿ, ಬಾಗಿಲು ತೆರೆದಿಟ್ಟು ಮೆಟ್ಟಿಲಿಗೆ ಕಿವಿಗೊಟ್ಟು ಕೂತರು. ಕೆಳಗೆ ಸಲ್ತಿನ ಹಿರಿಯ ಕಾಫಿಯ ಬಟ್ಟಲನ್ನು ಮುಟ್ಟದೆ ಮುಂದಿಟ್ಟಿದ್ದ. ಹೆಣ್ಣಿನ ದೊಡ್ಡಪ್ಪ "ಕಾಫಿ ಕುಡೀರಿ" ಅನ್ನುವವರೆಗೆ ಅವನು ಕುಡಿಯುವಂತಿಲ್ಲ. ಅಂದರೆ ಹೆಣ್ಣು ಕೊಟ್ಟ ಹಾಗೆ, ಆಗ ಮೇಲಿನ ಹೆಂಗಸರು ನಾಲಿಗೆ ಆಡಿಸಿ ಸಂತಸದ ದನಿ ತೆಗೆದು ಉಲಿಯಬೇಕು.

ಎದುರು ಮನೆಯ ಉಮ್ ನಾಯಿಫ್ ಬಚ್ಚಲಿಗೆ ಹೋಗಿ ಕೈ ತೊಳೆದು ಬಂದಳು. ಬೆರಳಿನಿಂದ ನೀರು ತೊಟ್ಟಿಕ್ಕುವುದನ್ನು ಎಲ್ಲರೂ ನೋಡಲಿ ಎಂಬಂತೆ ಕೈ ಮುಂದೆ ಹಿಡಿದೇ ಕೂತಳು.

"ಎಷ್ಟು ದಿನ ಆಯ್ತು ಅನ್ನಿಸ್ತಿದೆ ನಲ್ಲೀಲಿ ನೀರು ಕಂಡು. ಗುಡ್ಡಕ್ಕೆ ಗುಡ್ಡವೇ ಹಸಿರು ನೋಡಿ ತೊಟ್ಟಿ ಬರಿದು ಮಾಡ್ಕೊಂಡ್ತು. ನೀರಿದ್ದ ತೊಟ್ಟಿ ಒಂದೇ. ಅದೂ ಯಾರ್ದು ಅಂದ್ರೆ, ಹಸಿರು ಬಳಿದವಳದ್ದು."

"ಏನು ಮಾತು ಅಂತ ಆಡ್ತೀಯ," ಎಂದು ಉಮ್ ಝುಹೈರ್ ಗದರಿದಳು ನಿಜ. ಆದರೆ ಗದರುತ್ತಲೇ ಅವಳ ಕಣ್ಣು ಮೈಸೂನಳ ಕಡೆ ತಿರುಗಿತು, ತಿರುಗಿದ್ದು ಅಲ್ಲೇ ನಿಂತಿತು. ನಿನಗೆ ಮೊದಲೇ ಗೊತ್ತಿತ್ತಾ ಎಂದು ಆ ಕಣ್ಣು ಕೇಳುತ್ತಿತ್ತು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು ಮೈಸೂನಳಿಗೆ.

ತಾಯಿ ಅಡ್ಡ ಬಂದಳು. "ನಂಗೆ ಸೊಂಟ ನೋವಿತ್ತು ಕಣೇ, ಅದಕ್ಕೇ ತೊಳೀಲಿಲ್ಲ."

"ಪೈಪು ಹೊತ್ಕೊಂಡು ಮಾಳಿಗೆ ಹತ್ತಿದ ಸೊಂಟಾನೇನಾ?" ಎಂದಳು ಉಮ್ ನಾಯಿಫ್.

ಮೈಸೂನ್ ತಾಯಿಯ ಕಡೆ ತಿರುಗಿದಳು. ಆ ಪ್ರಶ್ನೆ ತನಗೇ ಹೊಳೆಯಬೇಕಿತ್ತು, ಹೊಳೆದಿರಲಿಲ್ಲ.

"ಅಮ್ಮ, ಯಾಕೆ ತೊಳೀಲಿಲ್ಲ? ನಿಜ ಹೇಳು."

ತಾಯಿ ಮಡಿಲಲ್ಲಿದ್ದ ತನ್ನ ಕೈಗಳನ್ನು ನೋಡಿಕೊಂಡಳು. "ಎಲ್ಲರ ಮುಂದೆ ಕೇಳ್ಬೇಡ ಕಣಮ್ಮ."

"ಹೇಳು."

"ಆ ಹೊತ್ತು ಹೇಳೋ ಸಾಲು ತೆಗೆದುಹಾಕಿದ್ಯಲ್ಲ, ಅವತ್ತು ನಾನು ನಿನ್ನ ಪಕ್ಕದಲ್ಲೇ ಬೀನ್ಸ್ ಬಿಡಿಸ್ತಾ ಕೂತಿದ್ದೆ. ಜನ ಸುಮ್ನೆ ಕಾಟ ಕೊಡ್ತಾರೆ, ಸಾಲು ಇಲ್ದಿದ್ರೆ ಯಾರಿಗೂ ಗೊತ್ತಾಗಲ್ಲ ಅಂತ ನೀನು ನಕ್ಕೆ. ಅವತ್ತಿಂದ ನಾನು ಅದನ್ನ ನಂಬ್ಲಿಲ್ಲ."

ಕಳ್ಳಿ ಎನ್ನಿಸಿಕೊಳ್ಳುವುದು ಒಂದು ಬಗೆ. ಹೆತ್ತ ತಾಯಿಯೇ ನಂಬದವಳು ಎಂದು ಬೀದಿಯ ಹೆಂಗಸರ ನಡುವೆ ಕೂತು ತಿಳಿಯುವುದು ಇನ್ನೊಂದು. ಮೈಸೂನಳ ಕಿವಿ, ಕುತ್ತಿಗೆ ಎಲ್ಲ ಸುಟ್ಟಂತಾಯಿತು. ಆದರೂ ಬಾಯಿ ಬಿಟ್ಟಳು.

"ಪುಟಕ್ಕೆ ಯಾರೂ ಸುಳ್ಳು ಹೇಳ್ಲಿಲ್ಲ ಖಾಲ್ತೊ. ಪಂಪು ಬುಧವಾರವೇ ಕೆಟ್ಟಿತ್ತು. ಉತ್ತರ ಬರ್ದಿದ್ರೆ ಹಳೇದನ್ನೇ ತೋರ್ಸು ಅಂತ ಬರೆದವಳು ನಾನೇ. ನೀವು ನೋಡಿದ ಹಸಿರು ಹಿಂದಿನ ದಿನದ್ದು. ನಿನ್ನೇನೇ ಹೇಳ್ಬೇಕಿತ್ತು, ನೀವು ಮುತ್ತು ಕೊಟ್ರಿ, ಸುಮ್ನಾದೆ."

ಅಷ್ಟರಲ್ಲಿ ಕೆಳಗಿನಿಂದ ದೊಡ್ಡಪ್ಪನ ಗಟ್ಟಿ ದನಿ ಮೆಟ್ಟಿಲು ಹತ್ತಿ ಬಂತು. "ಕಾಫಿ ಕುಡೀರಿ, ಹುಡುಗಿ ನಿಮ್ಮವಳು." ಮೇಲೆ ಉಲಿಯಬೇಕಾದ ನಾಲಿಗೆಗಳೆಲ್ಲ ಮೈಸೂನಳನ್ನು ನೋಡುತ್ತ ಮರೆತು ಕೂತಿದ್ದವು. ಕೆಳಗಿನವರೂ ಕಾದರು. ಹೆಣ್ಣು ಕೊಟ್ಟ ಮನೆಯಲ್ಲಿ ಅಂಥ ಮೌನ ಅಪಶಕುನ. ಕೊನೆಗೆ ಉಮ್ ಝುಹೈರ್ ಒಬ್ಬಳೇ ಎದ್ದು ಬಾಗಿಲಿಗೆ ಹೋಗಿ, ಬಾಯಿಗೆ ಕೈ ಅಡ್ಡ ಹಿಡಿದು ಉಲಿದಳು. ದನಿ ನಡುವೆ ಒಡೆಯಿತು. ಉಳಿದವರು ಆಮೇಲೆ ಸೇರಿಕೊಂಡರು. ಮೈಸೂನ್ ಸೇರಲಿಲ್ಲ, ಆ ಹಕ್ಕು ತನಗಿದೆ ಎಂದು ಅವಳಿಗೆ ಅನ್ನಿಸಲಿಲ್ಲ.

ಆ ಸಂಜೆಯೇ ಅವಳು ಪುಟವನ್ನು ತಿದ್ದಿದಳು. ಸುದ್ದಿ ಎಷ್ಟು ಹೊತ್ತಿನದು ಎಂಬ ಸಾಲು ಮತ್ತೆ ಬಂತು, ಈ ಸಲ ದಪ್ಪಕ್ಷರದಲ್ಲಿ, ಎಲ್ಲಕ್ಕಿಂತ ಮೇಲೆ. ಮೀಟರು ಮಾತಾಡದಿದ್ದರೆ ಚುಕ್ಕಿ ಬೂದಿ ಬಣ್ಣಕ್ಕೆ ತಿರುಗಿ, ಪಕ್ಕದಲ್ಲಿ "ಗೊತ್ತಿಲ್ಲ" ಎಂದು ಬರುವಂತಾಯಿತು. ಉಮ್ ಝುಹೈರ್ ಮುನಿಸಿಕೊಳ್ಳಲಿಲ್ಲ. ಹುಡುಗನ ಕಡೆಯವರು ತಂದ ಕುನಾಫಾ ಸಿಹಿಯಲ್ಲಿ ಒಂದು ದೊಡ್ಡ ತುಂಡನ್ನು ತಟ್ಟೆಯಲ್ಲಿಟ್ಟು ತಾನೇ ತಂದುಕೊಟ್ಟಳು. ಜಗಳವಾಡಿದ್ದರೆ ಮೈಸೂನಳಿಗೆ ಅದನ್ನು ನುಂಗುವುದು ಸುಲಭವಾಗುತ್ತಿತ್ತೋ ಏನೋ.

ಪಂಪು ರಿಪೇರಿಯಾಗಿ ಮುಂದಿನ ನೀರಿನ ದಿನ ಬಂತು. ಮೈಸೂನ್ ಬಾಗಿಲ ಪಕ್ಕದ ಸೋಫಾದಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಚುಕ್ಕಿ ಹಸಿರಿತ್ತು, ಸುದ್ದಿ ಆಗ ತಾನೇ ಬಂದದ್ದು. ಉಮ್ ಝುಹೈರ್ ಮೆಟ್ಟಿಲು ಹತ್ತಿ ಬರುವ ಸದ್ದು ಕೇಳಿ ಅವಳು ಪರದೆಯನ್ನು ಬಾಗಿಲ ಕಡೆಗೆ ತಿರುಗಿಸಿದಳು, ಹೇಳಬೇಕಾದ ಮಾತನ್ನು ಸಿದ್ಧ ಮಾಡಿಕೊಂಡಳು.

ಉಮ್ ಝುಹೈರ್ ಹಾದುಹೋಗುತ್ತ ಅವಳ ತಲೆ ಸವರಿದಳು. ಸವರಿ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು.

"ಉಮ್ ಮೈಸೂನ್, ಇವತ್ತು ನೀನು ತೊಳೀತೀಯಾ?"

"ಮೊದ್ಲು ನೀರು ಬರ್ಲಿ ಬಿಡು," ಎಂದಳು ತಾಯಿ. "ಆಮೇಲೆ ತೊಳೆಯೋಣ."

ಕರೆಯುವಾಗ ಬಂದ ಹೆಸರು ತನ್ನದೇ ಆಗಿತ್ತು, ಕೇಳಿದ್ದು ಮಾತ್ರ ಅಮ್ಮನನ್ನು. ಮೈಸೂನ್ ಪರದೆಯನ್ನು ಮೆಲ್ಲಗೆ ಮತ್ತೆ ತನ್ನ ಕಡೆಗೆ ತಿರುಗಿಸಿಕೊಂಡಳು.