ಇಸಾಕನ ಬಲಗೈ

“ಕೊಯ್ದವರಿಲ್ಲ, ತಿಂದವರಿಲ್ಲ. ಹಂಗಾರೆ ಈ ಮಾಂಸ ಎಲ್ಲಿಗೆ ಹೋತು ಡಾಕ್ಟ್ರೆ?”

ಶಿರಸಿಯ ದವಾಖಾನೆಯಲ್ಲಿ ಕೂತಿದ್ದ ಇಸಾಕ್ ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ, ಯಾರದೋ ಸಾಮಾನಿನಂತೆ ಮೇಜಿನ ಮೇಲಿಟ್ಟ. ಮೂವತ್ತು ವರ್ಷ ಆಡು ಕುರಿ ಕೊಯ್ದ ಕೈ. ದೀಪಾವಳಿ ಕಳೆದ ಮೇಲೆ ಗಾಡಿಯಿಂದ ಬಿದ್ದು ಮುರಿದಿತ್ತು. ಮೂಳೆ ಕೂರಿಸುವ ನಿಲ್ಕುಂದದ ಬೈರ ಬಿದಿರಿನ ದಬ್ಬೆ ಕಟ್ಟಿ ನಲವತ್ತು ದಿನಕ್ಕೆ ಬಿಚ್ಚಿದಾಗ ಮೂಳೆಯೇನೋ ನೆಟ್ಟಗಿತ್ತು, ತೋಳು ಮಾತ್ರ ಸೊರಗಿ ಕೋಲಾಗಿತ್ತು. ಬಿಚ್ಚಿ ಇಪ್ಪತ್ತು ದಿನವಾದರೂ ಕೈ ಏಳಲಿಲ್ಲ.

ಬಕ್ರೀದಿಗೆ ಇನ್ನೊಂದೇ ತಿಂಗಳು. ಓಣಿಯ ಕುರ್ಬಾನಿಯೆಲ್ಲ ಅವನ ಅಜ್ಜನ ಕಾಲದಿಂದಲೂ ಇವರ ಮನೆಯ ಹಿರಿಯನ ಕೈಯಲ್ಲೇ ಆಗಬೇಕು. ಎಡಗೈಯಲ್ಲಿ ಚೂರಿ ಹಿಡಿಯುವುದು ಇಸಾಕ್‌ಗೆ ಆಗದ ಮಾತು. ಎಡಗೈಯಲ್ಲಿ ಅವನು ಊಟವನ್ನೂ ಮಾಡುವವನಲ್ಲ. ಎರಡು ತಿಂಗಳಿಂದ ಹೆಂಡತಿ ಅಮೀರುನ್ನಿಸಾ ತುತ್ತಿಡುತ್ತಿದ್ದಳು. ಅದಂತೂ ಅವನಿಗೆ ನೆಲದೊಳಗೆ ಇಳಿದುಹೋಗುವಷ್ಟು ನಾಚಿಕೆ.

ಡಾಕ್ಟರು ದಿನಕರ ಭಟ್ಟರು ಪುಸ್ತಕದ ಚಿತ್ರ ತೋರಿಸಿದರು. “ನೋಡ್ರಿ ಸಾಬ್ರೆ, ಮಾಂಸ ಅಂದ್ರೆ ಎಳೆ. ಎಳೆ ಸೇರಿ ಒಂದು ಕಟ್ಟು. ಕಟ್ಟಿಗೊಂದು ಪೊರೆ...”

ಹುಟ್ಟಿದಾಗಿನಿಂದ ಮಾಂಸ ಮುಟ್ಟದ ಭಟ್ಟರು ಕಸಾಯಿಗೆ ಮಾಂಸದ ಪಾಠ ಹೇಳುತ್ತಿದ್ದರು. ಇಸಾಕ್‌ಗೆ ನಗು ಬಂತು. “ಪೊರೆ ಬಿಡಿಸೂದು ನನ್ನ ಕೇಳ್ರಿ. ತುದಿಗೆ ಬಿಳಿ ಪಟ್ಟಿ ಇರ್ತದೆ, ಮೂಳೆಗೆ ಕಚ್ಚಿಕಂಡು. ಎಷ್ಟು ಬೇಯಿಸಿದ್ರೂ ಬೇಯೂದಿಲ್ಲ.”

“ಅದೇ ಅದೇ! ಮಿದುಳಿಂದ ಹುಕುಂ ಬಂದ್ರೆ ಎಳೆ ಗಿಡ್ಡ ಆಗಿ ಮೂಳೆನ ಎಳೀತದೆ. ಎಳೆಯೂದೊಂದೇ ಅದಕ್ಕೆ ಗೊತ್ತು, ದೂಡೂಕೆ ಬರೂದಿಲ್ಲ. ಮಡಚೂಕೆ ಒಂದು, ಚಾಚೂಕೆ ಇನ್ನೊಂದು.”

“ತಲೆ ಹೋದ ಮೇಲೂ ಕೊಕ್ಕೆಗೆ ಹಾಕಿದ ತೊಡೆ ಪಟಪಟ ಅಂತದಲ್ರಿ? ಅದಕ್ಕೆ ಹುಕುಂ ಯಾರು ಕೊಡೂದು?”

ಡಾಕ್ಟರು ಪುಟ ಮಗುಚಿದರು, ಹಿಂದೆ ಬಂದರು, ಪುಸ್ತಕ ಮುಚ್ಚಿದರು. “ಅದನ್ನ ನಾನು ಕಂಡಿಲ್ಲ. ಕೈಗೆ ಕೆಲ್ಸ ಕೊಡ್ರಿ ಸಾಬ್ರೆ. ಕೆಲ್ಸ ಇಲ್ದೆ ಎಳೆ ಸಣ್ಣ ಆಗಿದೆ.”

ಬೈರನೂ ಇದನ್ನೇ ಹೇಳಿದ್ದ, ಇಸಾಕ್ ಕಿವಿಗೆ ಹಾಕಿಕೊಂಡಿರಲಿಲ್ಲ. ಗುಡ್ಡ ಹತ್ತಿಳಿದ ಆಡಿನ ತೊಡೆ ನಾರುನಾರು, ಕಟ್ಟಿ ಮೇಯಿಸಿದ ಮರಿಯದು ಬೆಣ್ಣೆ. ದುಡಿದರೆ ಮಾಂಸ ಗಟ್ಟಿಯಾಗುತ್ತದೆಂದು ಯಾವ ಕಸಾಯಿಗೆ ಗೊತ್ತಿಲ್ಲ? ದುಡಿಸಿದರೆ ಕೈಯೂ ಹಾಗೇ ಗಟ್ಟಿಯಾಗಿ ಸೆಡೆತು ನಿಂತುಬಿಟ್ಟೀತೆಂಬ ಹೆದರಿಕೆಯಲ್ಲಿ ಎಣ್ಣೆ ಸವರಿ, ಜೋಳಿಗೆಯಲ್ಲಿ ತೂಗುಹಾಕಿ, ಮಗುವಿನಂತೆ ಕಾದಿದ್ದ. ಈಗ ತನ್ನ ಕಸುಬನ್ನು ನಂಬುವುದೋ, ಇವರಿಬ್ಬರ ಮಾತನ್ನೋ?

ಮನೆಗೆ ಹೋಗುವ ದಾರಿಯಲ್ಲಿ ತನ್ನ ಅಂಗಡಿಗೆ ಬಂದ. ತಮ್ಮ ರಸೂಲ್ ಕಿರವತ್ತಿಯಿಂದ ತಂದ ಕುಂಟ ಆಡನ್ನು ಕೊಯ್ದಿದ್ದ. ಹಿಂದಿನ ಎರಡು ತೊಡೆ ಪಕ್ಕಪಕ್ಕ ತೂಗುತ್ತಿದ್ದವು. ಒಂದು ತುಂಬಿಕೊಂಡು ಕಡುಗೆಂಪಾಗಿತ್ತು. ನೆಲಕ್ಕೆ ಊರದೆ ಎತ್ತಿಕೊಂಡೇ ನಡೆದ ಕಾಲಿನದು ಅರ್ಧಕ್ಕರ್ಧ ಸಣ್ಣ. ಇಂಥವನ್ನು ಇಸಾಕ್ ನೂರಾರು ಕಂಡಿದ್ದ, ಗೊಣಗಿದ ಗಿರಾಕಿಗಳ ಬಾಯಿಯನ್ನೂ ಮುಚ್ಚಿಸಿದ್ದ. ಇವತ್ತು ಸಣ್ಣ ತೊಡೆಯನ್ನು ಎಡಗೈ ಹೆಬ್ಬೆರಳಿನಿಂದ ಒತ್ತಿದ. ಮೆತ್ತಗಿತ್ತು. ತೀರಾ ಮೆತ್ತಗಿತ್ತು.

“ಇದ್ರ ಮಾಂಸನೂ ಯಾರೂ ಕೊಯ್ದಿಲ್ಲ, ತಿಂದಿಲ್ಲ” ಎಂದ.

“ಕುಂಟ ಆಡು ಅಲ್ಲನಾ ಭಾಯಿ, ಹಂಗೇ ಇರೂದು. ಎಂತ ಆತು ನಿಂಗೆ?” ಎಂದ ರಸೂಲ್.

ಮಧ್ಯಾಹ್ನ ಅಮೀರುನ್ನಿಸಾ ಅನ್ನ ಕಲಸಿ ತುತ್ತೆತ್ತಿದಳು. ಇಸಾಕ್ ಮುಖ ತಿರುಗಿಸಿ, ಜೋಳಿಗೆ ಬಿಚ್ಚಿ, ಬಲಗೈಯನ್ನು ತಟ್ಟೆಯಲ್ಲಿಟ್ಟ.

“ಎಂತ ಮಾಡ್ತೀರಿ? ನೋವಾಗ್ತದೆ!”

ತೆಳ್ಳನೆಯ ಚರ್ಮದಡಿ ಏನೋ ಪಟಪಟ ಎಂದಿತು. ತನ್ನ ಹುಕುಮ್ಮಿಗೆ ಅಂದಿತೋ, ತಾನೇ ಅಂದಿತೋ ತಿಳಿಯಲಿಲ್ಲ. ನಾಲ್ಕು ಅಗುಳು ಹಿಡಿದ ಕೈ ತಟ್ಟೆಯಿಂದ ಗೇಣುದ್ದ ಎದ್ದು ಅಲ್ಲೇ ನಿಂತಿತು. ಎರಡು ಅಗುಳು ಮಡಿಲಿಗೆ ಬಿದ್ದವು. ಅಮೀರುನ್ನಿಸಾ ಆಸರೆಗೆಂದು ಕೈಚಾಚಿದವಳು, ಅವನ ಮುಖ ನೋಡಿ ಹಿಂದಕ್ಕೆಳೆದುಕೊಂಡಳು.

ಇಸಾಕ್ ಕುತ್ತಿಗೆ ಬಗ್ಗಿಸಿ, ಕೈ ಇದ್ದಲ್ಲಿಗೆ ಬಾಯಿ ತಂದ.